ಹಸಿವು ರುಚಿ ಕೇಳದು, ಚಪಲ ಕೇಳುತ್ತದೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಚಿನ ದ್ರವಾಹಾರದ ದಿನಗಳು

ದ್ರವಾಹಾರ ಶುರುವಾಗಿ ಮೂರನೆಯ ದಿನ ಎಂದಿಟ್ಟುಕೊಳ್ಳಿ. ಸಂಜೆ ಐದು ಗಂಟೆ. ಅರ್ಧ ಗಂಟೆಯ ಹಿಂದಷ್ಟೇ ಪ್ರೋಟೀನ್ ಪೇಯ ಕುಡಿದಿದ್ದೀರಿ. ಅಡುಗೆಮನೆಯಲ್ಲಿ ಯಾರೋ ಬಿಸಿ ಎಣ್ಣೆಗೆ ಈರುಳ್ಳಿ ಹಾಕುತ್ತಾರೆ. ಚುರ್ ಎಂಬ ಸದ್ದು ಮೊದಲು ಬರುತ್ತದೆ, ವಾಸನೆ ಆಮೇಲೆ. ಬಾಯಲ್ಲಿ ನೀರೂರುವ ಹೊತ್ತಿಗೆ ಕಣ್ಣ ಮುಂದೆ ಒಂದು ತಟ್ಟೆ ಬಂದು ನಿಂತಿರುತ್ತದೆ. ಅದು ಖಾಲಿ ತಟ್ಟೆಯಲ್ಲ, ಅದರಲ್ಲಿರುವುದು ಯಾವುದೋ ಒಂದು ಊಟವೂ ಅಲ್ಲ. ಅಂಚು ಕೆಂಪಗಾಗಿ ಗರಿಗರಿಯಾದ, ಮುರಿದರೆ ಹಬೆಯಾಡುವ, ನಿಮಗೆ ಹೆಸರು ಹಿಡಿದು ಗೊತ್ತಿರುವ ಆ ಒಂದೇ ತಿನಿಸು.

ಹಸಿವು ರುಚಿ ಕೇಳದು, ನಿದ್ದೆ ಹಾಸಿಗೆ ಕೇಳದು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಊಟದ ಬಗ್ಗೆ ತಕರಾರು ಮಾಡುವ ಮಕ್ಕಳಿಗೆ ಹೇಳುತ್ತೇವೆ. ಆದರೆ ದ್ರವಾಹಾರದಲ್ಲಿರುವವರಿಗೆ ಅದು ಒಳ್ಳೆಯ ಪರೀಕ್ಷಾಸಾಧನ. ಹಸಿದವರಿಗೆ ಸೂಪ್ ಆದರೂ ಆಗುತ್ತದೆ, ಹಾಲಾದರೂ ಆಗುತ್ತದೆ. ‘ಇದೇ ಬೇಕು, ಬೇರೆ ಬೇಡ’ ಎಂದು ಹಟ ಹಿಡಿಯುವುದು ಹಸಿವಲ್ಲ, ಬಾಯಿ ಚಪಲ. ಚಪಲ ಎಂಬ ಮಾತಿಗೆ ನಮ್ಮಲ್ಲಿ ಸ್ವಲ್ಪ ಬೈಗುಳದ ಬಣ್ಣವಿದೆ. ಇಲ್ಲಿ ಆ ಬಣ್ಣ ತೊಳೆದೇ ಬಳಸುತ್ತಿದ್ದೇನೆ, ಏಕೆಂದರೆ ಅದಕ್ಕಿಂತ ಸರಿಯಾದ ಪದ ನಮ್ಮಲ್ಲಿಲ್ಲ. ಹಸಿವು ಮತ್ತು ಚಪಲ ಹುಟ್ಟುವ ಜಾಗ ಬೇರೆ, ಬರುವ ಹೊತ್ತು ಬೇರೆ, ಇಳಿಸುವ ಉಪಾಯವೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು, ಅದು ನಾಟದಿದ್ದಾಗ ‘ನನಗೆ ಮನಸ್ಸಿನ ಹಿಡಿತವೇ ಇಲ್ಲ’ ಎಂದು ಕೊರಗುವವರೇ ಹೆಚ್ಚು. ಇವೆರಡರ ವೇಷ ಹಾಕಿಕೊಂಡು ಬರುವ ಮೂರನೆಯದೂ ಒಂದಿದೆ. ಅದು ಅಪಾಯದ್ದು, ಅದರ ಮಾತು ಮುಂದೆ ಬರುತ್ತದೆ.

ಇಷ್ಟೆಲ್ಲ ಯಕೃತ್ತಿಗಾಗಿ

ದ್ರವಾಹಾರ ಏಕೆ ಎಂದು ಯಾರೂ ಬಿಡಿಸಿ ಹೇಳದಿದ್ದರೆ ಅದು ಶಿಕ್ಷೆಯಂತೆ ಕಾಣುತ್ತದೆ. ತಮ್ಮ ಸಂಯಮವನ್ನು ವೈದ್ಯರು ಅಳೆಯುತ್ತಿದ್ದಾರೆ ಎಂದುಕೊಳ್ಳುವವರಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಒಂದಷ್ಟು ಕಿಲೋ ಇಳಿಯಲಿ ಎಂಬುದೇ ಉದ್ದೇಶ ಎಂದುಕೊಳ್ಳುವವರೂ ಇದ್ದಾರೆ. ನಿಜವಾದ ಕಾರಣ ಇರುವುದು ಹೊಟ್ಟೆಯೊಳಗಿನ ಜಾಗದ ಲೆಕ್ಕದಲ್ಲಿ.

ಜಠರದ ಹೆಚ್ಚಿನ ಭಾಗವನ್ನು ತೆಗೆದುಹಾಕುವ ಸ್ಲೀವ್ ಆಗಲಿ, ಜಠರದ ಸಣ್ಣ ಚೀಲವೊಂದನ್ನಷ್ಟೇ ಉಳಿಸಿ ಕರುಳಿಗೆ ಜೋಡಿಸುವ ಬೈಪಾಸ್ ಆಗಲಿ, ಈಗ ಬಹುಪಾಲು ನಡೆಯುವುದು ಲ್ಯಾಪರೋಸ್ಕೋಪಿಯ ಮೂಲಕ. ಹೊಟ್ಟೆಯ ಮೇಲೆ ಬೆರಳಗಲದ ಕೆಲವು ರಂಧ್ರಗಳು, ಒಳಗೆ ತುಂಬಿದ ಇಂಗಾಲದ ಡೈಆಕ್ಸೈಡ್, ಒಂದು ಕ್ಯಾಮೆರಾ, ಉದ್ದನೆಯ ಸಲಕರಣೆಗಳು. ಕ್ಯಾಮೆರಾ ಒಳಹೊಕ್ಕ ಕೂಡಲೇ ಜಠರ ಎದುರಿಗೆ ಕಾಣುವುದಿಲ್ಲ. ಯಕೃತ್ತಿನ ಎಡ ಹಾಲೆ ಅದರ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಶಸ್ತ್ರಚಿಕಿತ್ಸಕರು ಅದನ್ನು ಒಂದು ಸಲಕರಣೆಯಿಂದ ಮೇಲೆತ್ತಿ ಹಿಡಿದು, ಅದರ ಅಡಿಯಲ್ಲಿ ಕೆಲಸ ಮಾಡಬೇಕು. ಆರೋಗ್ಯವಂತ ಯಕೃತ್ತಿನ ಅಂಚು ತೆಳ್ಳಗಿರುತ್ತದೆ, ಎತ್ತಿದರೆ ಸುಲಭವಾಗಿ ಬಾಗುತ್ತದೆ. ಕೊಬ್ಬು ತುಂಬಿದ ಯಕೃತ್ತಿನ ಅಂಚು ದಪ್ಪ, ಭಾರ ಹೆಚ್ಚು. ಜೋರಾಗಿ ಎತ್ತಿದರೆ ಹರಿದು ರಕ್ತ ಸುರಿಯುವ ಭಯವೂ ಇದೆ. ಅದು ಮೇಲೇಳದಿದ್ದರೆ ಹೊಟ್ಟೆಯನ್ನು ಅಗಲವಾಗಿ ಕೊಯ್ಯಬೇಕಾಗಬಹುದು, ಇಲ್ಲವೇ ಅಂದಿನ ಶಸ್ತ್ರಚಿಕಿತ್ಸೆಯನ್ನೇ ನಿಲ್ಲಿಸಬೇಕಾಗಬಹುದು.

ಅದೃಷ್ಟಕ್ಕೆ ಯಕೃತ್ತು ಬೇಗ ಕರಗುವ ಅಂಗ. ಅದರಲ್ಲಿ ಸುಮಾರು 100 ಗ್ರಾಂನಷ್ಟು ಗ್ಲೈಕೋಜನ್ ಇರುತ್ತದೆ. ನಾಳೆಗೆ ಇರಲಿ ಎಂದು ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು ಅದು. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಿಷ್ಟ ಮತ್ತು ಸಕ್ಕರೆ ಬರುವುದು ನಿಂತರೆ ಮೊದಲು ಈ ದಾಸ್ತಾನು ಖಾಲಿಯಾಗುತ್ತದೆ, ಜೊತೆಗೆ ನೀರೂ ಹೋಗುತ್ತದೆ, ಆಮೇಲೆ ಕೊಬ್ಬು ಕರಗತೊಡಗುತ್ತದೆ. ಮೊದಲ ವಾರ ತೂಕದ ಯಂತ್ರ ಕೊಡುವ ಸಂತೋಷದಲ್ಲಿ ಹೆಚ್ಚಿನ ಪಾಲು ಈ ನೀರಿನದೇ. 2006ರಲ್ಲಿ ಪ್ರಕಟವಾದ ಒಂದು ಆಸ್ಟ್ರೇಲಿಯನ್ ಅಧ್ಯಯನ ಇಂಥ ಆಹಾರದಲ್ಲಿದ್ದ 32 ಜನರ ಯಕೃತ್ತನ್ನು ಸ್ಕ್ಯಾನ್ ಮಾಡಿ ಅಳೆಯಿತು. 12 ವಾರಗಳಲ್ಲಿ ಅದರ ಗಾತ್ರ ಸರಾಸರಿ ಶೇ. 19ರಷ್ಟು ಕುಗ್ಗಿತ್ತು. ಗಮನಿಸಬೇಕಾದ ಸಂಗತಿ ಎಂದರೆ, ಆ ಕುಗ್ಗುವಿಕೆಯ ಶೇ. 80 ಭಾಗ ಮೊದಲ ಎರಡು ವಾರಗಳಲ್ಲೇ ಆಗಿಹೋಗಿತ್ತು. ಹೆಚ್ಚಿನ ವೈದ್ಯರು ಎರಡು ವಾರ ಎನ್ನುವುದರ ಹಿಂದೆ ಇಂಥ ಲೆಕ್ಕವಿದೆ. ಕೆಲವರಿಗೆ ಒಂದೇ ವಾರ ಸಾಕಾಗುತ್ತದೆ, ತೂಕ ತೀರಾ ಹೆಚ್ಚಿರುವವರಿಗೆ ನಾಲ್ಕು ವಾರವೂ ಆಗಬಹುದು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ‘ದ್ರವ’ ಎಂಬ ಹೆಸರೇ ಜನರ ದಾರಿ ತಪ್ಪಿಸುತ್ತದೆ. ಕರಗಿದ ಐಸ್‌ಕ್ರೀಮ್ ದ್ರವ, ಹಣ್ಣಿನ ರಸ ದ್ರವ, ಜೇನು ಬೆರೆಸಿದ ನೀರು ದ್ರವ. ಆದರೆ ಯಕೃತ್ತು ಲೆಕ್ಕ ಹಾಕುವುದು ಸಕ್ಕರೆಯನ್ನು, ಹಲ್ಲಿಗೆ ಸಿಕ್ಕಿತೋ ಇಲ್ಲವೋ ಎಂಬುದನ್ನಲ್ಲ. ದಿನಕ್ಕೆ ಸಾಮಾನ್ಯವಾಗಿ 800 ಕಿಲೋಕ್ಯಾಲೊರಿಯ ಆಸುಪಾಸು, ಸಕ್ಕರೆ ಮತ್ತು ಕೊಬ್ಬು ಕಡಿಮೆ, ಸ್ನಾಯು ಕರಗದಷ್ಟು ಪ್ರೋಟೀನ್: ನಿಯಮದ ತಿರುಳು ಇಷ್ಟು. ಅದನ್ನು ದ್ರವದಲ್ಲಿ ಕೊಡುವುದು ಅಳತೆ ತಪ್ಪದಿರಲಿ ಎಂದು.

ಶುರುವಾಗುವ ಹಿಂದಿನ ವಾರದ ‘ಬೀಳ್ಕೊಡುಗೆ ಊಟ’ಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಇನ್ನು ಮೇಲೆ ಸಿಗುವುದಿಲ್ಲವಲ್ಲ ಎಂದು ಇಷ್ಟದ ತಿನಿಸುಗಳನ್ನೆಲ್ಲ ಒಂದು ಸುತ್ತು ಹೊಡೆದುಬರುವವರು ಬಹಳ. ಮನಸ್ಸು ಅರ್ಥವಾಗುತ್ತದೆ. ಆದರೆ ಹಾಗೆ ಮಾಡಿದರೆ ಸಕ್ಕರೆಯ ದಾಸ್ತಾನು ತುಂಬಿ ತುಳುಕುತ್ತಿರುವಾಗಲೇ ದ್ರವಾಹಾರಕ್ಕೆ ಇಳಿಯಬೇಕಾಗುತ್ತದೆ, ನಾಲಿಗೆಯ ಮೇಲೆ ಆ ರುಚಿಗಳ ನೆನಪೂ ಹಸಿಯಾಗಿರುತ್ತದೆ. ಆ ವಾರವನ್ನು ಕಾಫಿ ಮತ್ತು ಚಹಾ ಇಳಿಸಲು ಬಳಸಿದರೆ ಹೆಚ್ಚು ಲಾಭ. ಅನೇಕ ಕಡೆ ಕೆಫೀನ್ ಬಿಡಲು ಹೇಳುತ್ತಾರೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಕೆಲವರಿಗೆ ವಾರದವರೆಗೂ ಎಳೆಯುತ್ತದೆ. ಹೀಗೆ ತಲೆ ಸಿಡಿಯುವಾಗ ಅದು ಕೆಫೀನಿನ ಕಿತಾಪತಿ ಎಂದು ಯಾರಿಗೂ ಹೊಳೆಯುವುದಿಲ್ಲ, ‘ಏನಾದರೂ ತಿಂದರೆ ಸರಿಹೋಗುತ್ತದೆ’ ಎಂದೇ ತೋರುತ್ತದೆ.

ಹಸಿವಿಗೆ ಗಡಿಯಾರವಿದೆ

1999ರಲ್ಲಿ ಜಪಾನಿನ ಮಸಾಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಅವರ ಸಂಗಡಿಗರು ಜಠರದಲ್ಲಿ ತಯಾರಾಗುವ ಒಂದು ಹಾರ್ಮೋನನ್ನು ಪತ್ತೆಹಚ್ಚಿ ಗ್ರೆಲಿನ್ ಎಂದು ಹೆಸರಿಟ್ಟರು. ಹಸಿವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವುದರಲ್ಲಿ ಅದರ ಪಾತ್ರ ದೊಡ್ಡದು. ಊಟಕ್ಕೆ ಮುಂಚೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ನಾವು ದಿನಾ ಉಣ್ಣುವ ಹೊತ್ತನ್ನು ಅದು ಕಲಿತಿರುತ್ತದೆ. ಮಧ್ಯಾಹ್ನ ಒಂದೂವರೆಗೆ ಉಣ್ಣುವವರಿಗೆ ಒಂದು ಗಂಟೆಗೇ ಹೊಟ್ಟೆ ಚುರುಗುಟ್ಟುವುದು ಇದರಿಂದ.

ಇದರಿಂದ ಒಂದು ಸರಳ ಉಪಾಯ ಸಿಗುತ್ತದೆ. ಪೇಯ ಕುಡಿಯುವ ಹೊತ್ತನ್ನು ಹಸಿವಿನ ಹೊತ್ತಿಗಿಂತ ಕಾಲು ಗಂಟೆ ಮುಂದೆ ಇಡಿ. ಹಸಿವು ಏರಿದ ಮೇಲೆ ಲೋಟ ಹುಡುಕಲು ಹೋದರೆ ದಾರಿಯಲ್ಲಿ ಬಿಸ್ಕತ್ತಿನ ಡಬ್ಬಿ ಸಿಗುತ್ತದೆ. ದಿನದ ಪಾಲನ್ನು ಮೂರು ಹೊತ್ತಿಗೆ ಮೂರು ದೊಡ್ಡ ಲೋಟವಾಗಿ ಕುಡಿಯುವುದಕ್ಕಿಂತ ಐದಾರು ಸಣ್ಣ ಪಾಲು ಮಾಡಿಕೊಳ್ಳುವುದು ಅನೇಕರಿಗೆ ಹಿಡಿಸುತ್ತದೆ. ಅದರಲ್ಲಿ ಒಂದನ್ನು ರಾತ್ರಿಗೆಂದು ಕಾಯ್ದಿರಿಸಿಕೊಳ್ಳಿ. ಹಗಲೆಲ್ಲ ಹುರುಪಿನಿಂದ ಕಡಿಮೆ ಕುಡಿದು ಗೆದ್ದೆ ಎಂದುಕೊಂಡವರು ರಾತ್ರಿ ಹತ್ತಕ್ಕೆ ಫ್ರಿಜ್ಜಿನ ಮುಂದೆ ಸೋತು ನಿಲ್ಲುತ್ತಾರೆ. ಕೊಟ್ಟ ಪ್ರೋಟೀನ್ ಪೂರ್ತಿ ಕುಡಿಯುವುದು ನಿಯಮಪಾಲನೆಯಷ್ಟೇ ಅಲ್ಲ, ಸಂಜೆಯ ಹಸಿವಿಗೆ ಕಟ್ಟಿದ ಒಡ್ಡು ಕೂಡ.

ಎಲ್ಲರನ್ನೂ ಹಣ್ಣುಗಾಯಿ ಮಾಡುವುದು ಮೊದಲ ಮೂರು ನಾಲ್ಕು ದಿನ. ಸಕ್ಕರೆಯ ದಾಸ್ತಾನು ಮುಗಿಯುತ್ತಿರುತ್ತದೆ, ಕೊಬ್ಬು ಉರಿಸುವ ಒಲೆ ಇನ್ನೂ ಸರಿಯಾಗಿ ಹೊತ್ತಿಕೊಂಡಿರುವುದಿಲ್ಲ. ತಲೆಭಾರ, ಸುಸ್ತು, ಚಳಿ, ಕಾರಣವಿಲ್ಲದ ಸಿಟ್ಟು. ಮನೆಯವರು ಏನು ಕೇಳಿದರೂ ತಪ್ಪೇ. ಆಮೇಲೆ ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ಹೆಚ್ಚು ಹೆಚ್ಚು ತಯಾರಿಸತೊಡಗುತ್ತದೆ, ಮೆದುಳು ಅದನ್ನು ಇಂಧನವಾಗಿ ಒಪ್ಪಿಕೊಳ್ಳುತ್ತದೆ. ತೂಕ ಇಳಿದಾಗ ಗ್ರೆಲಿನ್ ಏರಬೇಕಾದದ್ದು ಸಹಜ. ಕೀಟೋನ್ ಹೆಚ್ಚಿದ ಸ್ಥಿತಿಯಲ್ಲಿ ಆ ಏರಿಕೆ ಮಂಕಾಗುತ್ತದೆ. ‘ಐದನೆಯ ದಿನ ಎದ್ದಾಗ ಹಸಿವೇ ಇರಲಿಲ್ಲ’ ಎಂದು ಜನ ಅಚ್ಚರಿಪಡುವುದು ಇದಕ್ಕೇ. ಬಾಯಿಗೆ ಬರುವ ವಿಚಿತ್ರ ವಾಸನೆಯೂ ಇದೇ ಬದಲಾವಣೆಯ ಗುರುತು, ಉಸಿರಿನಲ್ಲಿ ಹೊರಬೀಳುವ ಅಸಿಟೋನ್ ಅದು.

ಇಲ್ಲೊಂದು ಕ್ರೂರವಾದ ಲೆಕ್ಕವಿದೆ. ದಿನಕ್ಕೊಂದು ಲೋಟ ಹಣ್ಣಿನ ರಸ, ನಡುವೆ ಎರಡು ಬಿಸ್ಕತ್ತು ಎಂದು ‘ಸ್ವಲ್ಪವೇ’ ಸಡಿಲ ಬಿಟ್ಟವರು ಕೀಟೋನ್ ಮಟ್ಟ ಏರಲು ಬಿಡುವುದಿಲ್ಲ. ಕಷ್ಟದ ಆ ಮೊದಲ ಮೂರು ದಿನಗಳನ್ನು ಅವರು ಎರಡು ವಾರವೂ ಬದುಕುತ್ತಾರೆ. ಪೂರ್ತಿ ಪಾಲಿಸುವುದಕ್ಕಿಂತ ಅರ್ಧ ಪಾಲಿಸುವುದೇ ಹೆಚ್ಚು ಯಾತನೆ ಎಂದು ಅನುಭವಿಗಳು ಹೇಳುವುದರಲ್ಲಿ ಹುರುಳಿದೆ. ಆದರೆ ಎಲ್ಲ ಯೋಜನೆಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ಹಾಲನ್ನೇ ನೆಚ್ಚಿಕೊಂಡ ಯೋಜನೆಯಲ್ಲಿ ಹಾಲಿನ ಸಕ್ಕರೆ ಹೋಗುತ್ತಿರುವುದರಿಂದ ಕೀಟೋನ್ ಅಷ್ಟಾಗಿ ಏರದಿರಬಹುದು. ಅಂಥವರು ಐದನೆಯ ದಿನದ ಪವಾಡಕ್ಕೆ ಕಾದು ನಿರಾಶರಾಗಬೇಕಿಲ್ಲ, ಅವರ ಯಕೃತ್ತೂ ಕುಗ್ಗುತ್ತಿರುತ್ತದೆ.

ಒಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ, ಅದು ನಿದ್ದೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಲಾಗಿತ್ತು. ಹತ್ತು ಗಂಟೆ ಮಲಗಲು ಬಿಟ್ಟಾಗ ಇದ್ದುದಕ್ಕಿಂತ ಅವರ ಗ್ರೆಲಿನ್ ಶೇ. 28ರಷ್ಟು ಹೆಚ್ಚಿತ್ತು. ಶಸ್ತ್ರಚಿಕಿತ್ಸೆಯ ಆತಂಕದಲ್ಲಿ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕುಳಿತವರು ಮರುದಿನದ ಹಸಿವನ್ನು ತಾವೇ ಬೆಳೆಸಿಕೊಂಡಂತೆ.

ಚಪಲ ಒಂದು ಚಿತ್ರ

ಹಸಿವಿನ ಕತೆ ಹೀಗೆ ಹಾರ್ಮೋನಿನ ಲೆಕ್ಕಕ್ಕೆ ಸಿಗುತ್ತದೆ. ಚಪಲ ಅಷ್ಟು ಸುಲಭವಾಗಿ ಸಿಗುವುದಿಲ್ಲ. 2000ದಲ್ಲಿ ಅಮೆರಿಕದ ಮಾರ್ಸಿಯಾ ಪೆಲ್ಚಾಟ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಅವರು ಕೆಲವು ಯುವಕರಿಗೂ ಕೆಲವು ವೃದ್ಧರಿಗೂ ಕೆಲ ದಿನ ಒಂದೇ ಬಗೆಯ ದ್ರವಾಹಾರ ಕೊಟ್ಟರು. ಅದರಲ್ಲಿ ಪೋಷಕಾಂಶಗಳ ಕೊರತೆ ಇರಲಿಲ್ಲ. ಆದರೂ ಯುವಕರಲ್ಲಿ ತಿನಿಸಿನ ಚಪಲ ಎದ್ದುಕಾಣುವಷ್ಟು ಹೆಚ್ಚಿತು. ವೃದ್ಧರಲ್ಲಿ ಹಾಗಾಗಲಿಲ್ಲ. ಅಂದರೆ ಹೊಟ್ಟೆಗೆ ಕಡಿಮೆಯಾಗದೆಯೂ, ಬರಿಯ ಏಕತಾನತೆಯಿಂದಲೇ ಚಪಲ ಹುಟ್ಟಬಲ್ಲದು. ನಾಲಿಗೆಗೆ ಬೇಸರ ಬಂದಿದೆ, ಅಷ್ಟೇ.

ಹಾಗಾದರೆ ಇನ್ನಷ್ಟು ಕುಡಿದರೆ ಚಪಲ ಇಳಿಯುವುದಿಲ್ಲ, ಬೇರೆ ಥರ ಕುಡಿದರೆ ಇಳಿಯಬಹುದು. ಎರಡು ವಾರಕ್ಕೆ ಬೇಕಾದ ಪುಡಿಯನ್ನೆಲ್ಲ ಒಂದೇ ರುಚಿಯಲ್ಲಿ ಕೊಂಡು ತಂದವರು ಆರನೆಯ ದಿನ ಆ ಡಬ್ಬಿಯ ಮುಖ ನೋಡಲೂ ಹೇಸುತ್ತಾರೆ. ಅನುಮತಿಯ ಪಟ್ಟಿಯೊಳಗೇ ಬದಲಾವಣೆ ಹುಡುಕಬೇಕು. ಬೆಳಿಗ್ಗೆ ತಣ್ಣಗಿನದು, ಮಧ್ಯಾಹ್ನ ಬಿಸಿಯದು. ಎರಡು ಸಿಹಿಯ ನಡುವೆ ಒಂದು ಉಪ್ಪಿನದು. ಇಡೀ ದಿನ ಸಿಹಿ ಪೇಯಗಳನ್ನೇ ಕುಡಿದವರಿಗೆ ಸಂಜೆ ಕಾಡುವುದು ಸಾಮಾನ್ಯವಾಗಿ ಉಪ್ಪು ಖಾರದ್ದೇ ಚಪಲ. ಆ ಹೊತ್ತಿಗೆ ಸೋಸಿದ ಬಿಸಿ ತರಕಾರಿ ಸೂಪಿಗೆ ಮೆಣಸಿನ ಪುಡಿ ಉದುರಿಸಿ ಚಮಚದಲ್ಲಿ ಕುಡಿದು ನೋಡಿ. ಚಮಚ ಎಂಬ ಮಾತನ್ನು ಬೇಕೆಂದೇ ಹೇಳಿದ್ದೇನೆ. ಲೋಟದಲ್ಲಿ ಗಟಗಟ ಇಳಿದುಹೋಗುವ ಸೂಪ್ ಬಟ್ಟಲಿನಲ್ಲಿ ಇಪ್ಪತ್ತು ನಿಮಿಷ ಬಾಳುತ್ತದೆ. ಕೈಗೆ ಕೆಲಸ, ಬಾಯಿಗೆ ಬಿಸಿ, ಕುಳಿತು ಉಂಡ ನೆನಪು, ಮೂರೂ ಸಿಗುತ್ತವೆ. ಅಗಿಯಬೇಕೆಂಬ ಒತ್ತಾಸೆಯೇ ಬೇರೆ ಬಗೆಯದು. ಕೆಲವರಿಗೆ ಮಂಜುಗಡ್ಡೆಯ ಚೂರು ಚೀಪುವುದು ಸಾಕು, ಕೆಲವು ವೈದ್ಯರು ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಒಪ್ಪುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಕೇಳಿಯೇ ಮಾಡಿ.

ಮತ್ತೆ ಆ ಸಂಜೆ ಐದು ಗಂಟೆಯ ತಟ್ಟೆಗೆ ಬರೋಣ. ಚಪಲ ಬಂದಾಗ ಮನಸ್ಸಿನಲ್ಲಿ ನಡೆಯುವುದೇನೆಂದರೆ, ಒಂದು ಸಣ್ಣ ನೆನಪು ಚಿತ್ರವಾಗಿ ಬೆಳೆಯುತ್ತದೆ. ಮೊದಲು ಆಕಾರ, ಆಮೇಲೆ ಬಣ್ಣ, ಆಮೇಲೆ ಕಚ್ಚಿದಾಗಿನ ಸದ್ದು. ಪ್ರತಿ ವಿವರಕ್ಕೂ ಆಸೆ ಒಂದು ಮೆಟ್ಟಿಲು ಏರುತ್ತದೆ. ‘ಅದರ ಬಗ್ಗೆ ಯೋಚಿಸಬಾರದು’ ಎಂದು ಗದರಿಕೊಂಡರೆ ಚಿತ್ರ ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಗದರಲಿಕ್ಕಾದರೂ ಅದನ್ನು ನೋಡಲೇಬೇಕಲ್ಲ. ಕೆಲಸಕ್ಕೆ ಬರುವುದು ಗದರಿಕೆಯಲ್ಲ, ಆ ಪರದೆಯ ಮೇಲೆ ಬೇರೊಂದು ಚಿತ್ರ ಬಿಡುವುದು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನು ತಮಾಷೆಯೆನಿಸುವ ರೀತಿಯಲ್ಲಿ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 31 ವಿದ್ಯಾರ್ಥಿಗಳು ಒಂದು ವಾರ ತಮ್ಮ ಆಸೆಗಳನ್ನು ಆಗಾಗ ದಾಖಲಿಸುತ್ತಿದ್ದರು. ಅವರಲ್ಲಿ ಕೆಲವರಿಗೆ ಮೂರು ನಿಮಿಷ ಟೆಟ್ರಿಸ್ ಆಡಲು ಹೇಳಲಾಗಿತ್ತು. ಆಟದ ನಂತರ ಆಸೆಯ ತೀವ್ರತೆ ನೂರಕ್ಕೆ 70ರಿಂದ 56ಕ್ಕೆ ಇಳಿಯಿತು. ಮೇಲಿಂದ ಬೀಳುವ ತುಂಡುಗಳನ್ನು ತಿರುಗಿಸಿ ಕೂರಿಸುವುದರಲ್ಲಿ ಮನಸ್ಸಿನ ಕಣ್ಣು ತೊಡಗಿಬಿಟ್ಟರೆ ತಿನಿಸಿನ ಚಿತ್ರಕ್ಕೆ ಜಾಗ ಉಳಿಯುವುದಿಲ್ಲ ಎಂಬುದು ಅವರ ವಿವರಣೆ.

70 ಸೊನ್ನೆಯಾಗಲಿಲ್ಲ, 56 ಆಯಿತು ಎಂಬುದನ್ನು ಗಮನಿಸಿ. ಎದ್ದು ಅಡುಗೆಮನೆಗೆ ಹೋಗುವುದಕ್ಕೂ ಕುರ್ಚಿಯಲ್ಲೇ ಕುಳಿತಿರುವುದಕ್ಕೂ ನಡುವಿನ ಅಂತರ ಎಷ್ಟೋ ಸಲ ಅಷ್ಟೇ ಇರುತ್ತದೆ. ಆಟವೇ ಆಗಬೇಕೆಂದಿಲ್ಲ. ಮನೆಯ ಯಾವುದೋ ಗೋಡೆಗೆ ಬೇರೆ ಬಣ್ಣ ಹಚ್ಚಿದರೆ ಹೇಗಿರುತ್ತದೆ ಎಂದು ಮೂಲೆ ಮೂಲೆಯಾಗಿ ಕಲ್ಪಿಸಿಕೊಳ್ಳಿ, ಹೊಲಿಗೆ ಹಿಡಿಯಿರಿ, ಚಿತ್ರ ಜೋಡಿಸಿ. ಕಣ್ಣು ಅಥವಾ ಮನಸ್ಸಿನ ಕಣ್ಣು ದುಡಿಯಬೇಕು, ಅಷ್ಟೇ. ಟಿವಿಯ ಮುಂದೆ ಸುಮ್ಮನೆ ಕೂರುವುದು ಅಷ್ಟು ನಾಟುವುದಿಲ್ಲ, ಅದರಲ್ಲಿ ಅಡುಗೆಯ ಕಾರ್ಯಕ್ರಮ ಬಂದರಂತೂ ಮುಗಿಯಿತು.

ಚಪಲವನ್ನು ಅಲೆಗೆ ಹೋಲಿಸುವ ಒಂದು ವಿಧಾನವೂ ಇದೆ, ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅದನ್ನು ವ್ಯಸನ ಬಿಡಿಸುವ ಚಿಕಿತ್ಸೆಯಲ್ಲಿ ಬೆಳೆಸಿದರು. ಅಲೆಯೊಡನೆ ಗುದ್ದಾಡಬೇಡಿ, ಅದು ಏರುವುದನ್ನು, ತುದಿ ಮುಟ್ಟುವುದನ್ನು, ಇಳಿಯುವುದನ್ನು ನೋಡುತ್ತ ಕುಳಿತಿರಿ ಎಂಬುದು ಅದರ ತಿರುಳು. ಹೇಳಲು ಸುಲಭ. ಮೊದಲ ಸಲ ಮಾಡುವಾಗ ಗಡಿಯಾರ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು. ಎಲ್ಲಿ ಬಂದಿದೆ ಎಂದು ಮೈಯಲ್ಲಿ ಹುಡುಕಿ. ದವಡೆಯ ಬುಡದಲ್ಲೇ? ಗಂಟಲಲ್ಲೇ? ಎದೆಯ ಕೆಳಗೇ? ಎಷ್ಟು ಜೋರಾಗಿದೆ ಎಂದು ಹತ್ತಕ್ಕೆ ಅಂಕ ಕೊಟ್ಟು ಐದೈದು ನಿಮಿಷಕ್ಕೊಮ್ಮೆ ಬರೆದಿಡಿ. ಏಳು, ಎಂಟು, ಎಂಟು, ಆರು, ಮೂರು. ಹೀಗೊಂದು ಸಾಲು ನಿಮ್ಮದೇ ಕೈಬರಹದಲ್ಲಿ ಇದ್ದರೆ ಮುಂದಿನ ಸಲ ‘ಇದು ತಿನ್ನದೆ ಹೋಗುವುದೇ ಇಲ್ಲ’ ಎಂಬ ಮನಸ್ಸಿನ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ತಿನ್ನದೆ ಇದ್ದಷ್ಟೂ ಆಸೆ ಬೆಳೆಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಹಸಿವಿನ ಮಟ್ಟಿಗೆ ಅದು ಸುಳ್ಳಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಾಗ ಅವರು ಹಗಲಿರುಳು ಊಟದ ಧ್ಯಾನದಲ್ಲೇ ಇದ್ದರು, ಕೆಲವರು ಪಾಕಪುಸ್ತಕಗಳನ್ನು ಕೂಡಿಹಾಕತೊಡಗಿದ್ದರು. ಹೊಟ್ಟೆಗೆ ಕಡಿಮೆಯಾದಾಗ ಮನಸ್ಸು ತಿನಿಸಿನ ಸುತ್ತ ಸುತ್ತುವುದು ದುರಾಸೆಯಲ್ಲ, ದೇಹಧರ್ಮ. ಆದರೆ ನಿರ್ದಿಷ್ಟ ತಿನಿಸಿನ ಚಪಲದ ಕತೆ ಬೇರೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಹಾರವನ್ನು ಸಾಧಾರಣವಾಗಿ ಕಡಿಮೆ ಮಾಡಿದವರಿಗಿಂತ ಅತಿ ಕಡಿಮೆ ಕ್ಯಾಲೊರಿಯ ಆಹಾರದಲ್ಲಿದ್ದವರ ಚಪಲವೇ ಹೆಚ್ಚು ಇಳಿದಿತ್ತು. ಬೆಂಕಿಗೆ ಆಗೊಮ್ಮೆ ಈಗೊಮ್ಮೆ ಕಡ್ಡಿ ಒಡ್ಡುತ್ತಿದ್ದರೆ ಅದು ಆರುವುದಿಲ್ಲ, ಒಡ್ಡುವುದನ್ನು ನಿಲ್ಲಿಸಿದರೆ ತಾನಾಗಿ ತಣ್ಣಗಾಗುತ್ತದೆ. ಮೊದಲ ದಿನಗಳ ಬೇಸರದ ಚಪಲವನ್ನು ದಾಟಿದವರಿಗೆ ಮುಂದಿನ ದಾರಿ ಇಳಿಜಾರು ಎನ್ನಲು ಇದೇ ಆಧಾರ.

ವೇಷ ಹಾಕಿ ಬರುವ ಮೂರನೆಯದು

ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಈ ಭಾಗವನ್ನು ಎರಡು ಸಲ ಓದಬೇಕು. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಇಂಥವನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸಿ ಆಹಾರ ಮಾತ್ರ 800 ಕಿಲೋಕ್ಯಾಲೊರಿಗೆ ಇಳಿಸಿದರೆ ರಕ್ತದ ಸಕ್ಕರೆ ಕುಸಿಯಬಹುದು. ಆಗ ಸಿಹಿ ತಿನ್ನಬೇಕೆಂಬ ಆಸೆ ಅಟ್ಟಿಸಿಕೊಂಡು ಬರುತ್ತದೆ, ಆದರೆ ಅದು ಚಪಲವಲ್ಲ. ಕೈ ನಡುಗುವುದು, ತಣ್ಣನೆಯ ಬೆವರು, ಎದೆ ಬಡಿತ, ಮಾತು ತಡವರಿಸುವುದು, ಮಂಕು ಕವಿಯುವುದು ಅದರ ಲಕ್ಷಣ. ಇಲ್ಲಿ ಟೆಟ್ರಿಸ್ ಆಡುತ್ತ ಕೂರುವಂತಿಲ್ಲ. ಗ್ಲುಕೋಮೀಟರಿನಲ್ಲಿ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆ ಬಂದರೆ, ಅಥವಾ ಅಳೆಯುವ ಸಾಧನ ಕೈಗೆ ಸಿಗದಿದ್ದರೆ, ತಡಮಾಡದೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು ಕಾಲು ಗಂಟೆಯ ನಂತರ ಮತ್ತೆ ಅಳೆಯಬೇಕು. ಅದು ನಿಯಮಭಂಗವಲ್ಲ, ಚಿಕಿತ್ಸೆ. ಅದೇ ದಿನ ವೈದ್ಯರಿಗೆ ತಿಳಿಸಿ ಔಷಧದ ಪ್ರಮಾಣ ಬದಲಿಸಿಕೊಳ್ಳಬೇಕು. ನಿಜ ಹೇಳಬೇಕೆಂದರೆ ಈ ಮಾತುಕತೆ ದ್ರವಾಹಾರ ಶುರುವಾಗುವ ಮುಂಚೆಯೇ ಆಗಿರಬೇಕು.

ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳದ್ದು ಇನ್ನೊಂದು ತೊಡಕು. ಅವನ್ನು ನುಂಗುತ್ತ ಇಷ್ಟು ಕಡಿಮೆ ತಿಂದರೆ ಕೀಟೋನ್‌ಗಳು ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯವಿದೆ, ಅದೂ ಸಕ್ಕರೆಯ ಅಂಕಿ ಸಹಜವೆಂಬಂತೆ ಕಾಣುತ್ತಿರುವಾಗಲೇ. ವಾಕರಿಕೆ, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಈ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಸೂಚಿಸಿತು. ದ್ರವಾಹಾರವಿದ್ದಾಗ ಅದಕ್ಕೂ ಮುಂಚೆ ನಿಲ್ಲಿಸಬೇಕೇ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ರಕ್ತದೊತ್ತಡದ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅದನ್ನೂ ಹಸಿವಿನ ಖಾತೆಗೆ ಬರೆಯಬಾರದು.

ಮನೆ, ಮಾತು, ಎಡವಿದ ದಿನ

ಮನೆಯಲ್ಲಿ ಉಳಿದವರು ಉಣ್ಣುವುದನ್ನು ನಿಲ್ಲಿಸಲಾಗುವುದಿಲ್ಲ. ಆದರೆ ಎರಡು ವಾರದ ಮಟ್ಟಿಗೆ ಅಡುಗೆಯ ಕೆಲಸವನ್ನು ಬೇರೆಯವರು ಹೊತ್ತುಕೊಳ್ಳಬಹುದು. ಇದೊಂದೇ ಸಹಾಯ ಹತ್ತು ಉಪದೇಶಕ್ಕೆ ಸಮ. ಅಡುಗೆ ಮಾಡುವವರೇ ದ್ರವಾಹಾರದಲ್ಲಿದ್ದರೆ ಉಪ್ಪು ನೋಡುವ ನೆಪದಲ್ಲಿ ದಿನಕ್ಕೆ ಎಷ್ಟು ಚಮಚ ಒಳಗೆ ಹೋಗುತ್ತದೆ ಎಂಬುದು ಅವರಿಗೇ ತಿಳಿಯುವುದಿಲ್ಲ. ಎಲ್ಲರೂ ಊಟಕ್ಕೆ ಕುಳಿತಾಗ ಎದ್ದು ಹೊರಗೆ ನಡೆದಾಡಲು ಹೋಗುವುದು ಹೇಡಿತನವಲ್ಲ. ಕಣ್ಣಿಗೆ ಬೀಳುವ ಕಪಾಟಿನಿಂದ ತಿನಿಸುಗಳನ್ನು ಮೇಲಿನ ಅಟ್ಟಕ್ಕೆ ಸಾಗಿಸಿ. ಸ್ಟೂಲ್ ಹುಡುಕಿ ಹತ್ತುವಷ್ಟರಲ್ಲಿ ಅಲೆ ತುದಿ ದಾಟಿರುತ್ತದೆ.

‘ಹದಿನಾಲ್ಕು ದಿನ ತಾನೇ, ಅಷ್ಟೂ ಆಗುವುದಿಲ್ಲವೇ?’ ಎಂದು ಕೇಳುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಉತ್ತರ ಕೊಡುವ ಬದಲು ಒಂದು ದಿನ ನಿಮ್ಮೊಂದಿಗೆ ಅದೇ ಪೇಯ ಕುಡಿದಿರಲು ಕರೆಯಿರಿ.

ತಿಂದುಬಿಟ್ಟರೆ? ಎಷ್ಟೋ ಜನ ಒಮ್ಮೆಯಾದರೂ ಎಡವುತ್ತಾರೆ. ಒಂದು ತುಂಡು ಬ್ರೆಡ್ಡಿನಿಂದ ಯಕೃತ್ತು ರಾತ್ರೋರಾತ್ರಿ ಊದಿಕೊಳ್ಳುವುದಿಲ್ಲ. ಅಪಾಯವಿರುವುದು ಆ ತುಂಡಿನಲ್ಲಲ್ಲ, ‘ಹೇಗೂ ಕೆಟ್ಟಿತು, ನಾಳೆಯಿಂದ ನೋಡೋಣ’ ಎಂಬ ಯೋಚನೆಯಲ್ಲಿ. ನಾಳೆಯಿಂದಲ್ಲ, ಮುಂದಿನ ಲೋಟದಿಂದ. ಏನು, ಯಾವ ಹೊತ್ತಿಗೆ, ಆಗ ಏನು ನಡೆಯುತ್ತಿತ್ತು ಎಂದು ಒಂದು ಸಾಲು ಬರೆದಿಡಿ. ಮೂರು ಸಾಲು ಕೂಡಿದರೆ ಜಾಡು ತಾನಾಗಿ ಕಾಣುತ್ತದೆ, ಒಬ್ಬರಿಗೆ ಅದು ಕಚೇರಿಯಿಂದ ಬಂದ ಮೊದಲ ಅರ್ಧ ಗಂಟೆ, ಇನ್ನೊಬ್ಬರಿಗೆ ಫೋನಿನಲ್ಲಿ ಜಗಳವಾಡಿದ ಮೇಲಿನ ಹೊತ್ತು. ಪದೇ ಪದೇ, ಕೈಮೀರಿ, ಹೊಟ್ಟೆ ಬಿರಿಯುವಷ್ಟು ತಿನ್ನುವಂತಾಗುತ್ತಿದ್ದರೆ ಅದನ್ನು ಚಪಲ ಎಂದು ತೇಲಿಸಬಾರದು. ಆಸ್ಪತ್ರೆಯ ತಂಡದಲ್ಲಿ ಆಹಾರತಜ್ಞರು, ಮನಶ್ಶಾಸ್ತ್ರಜ್ಞರು ಇರುವುದು ಇಂಥದ್ದಕ್ಕೇ. ಹೇಳಿದರೆ ದಿನಾಂಕ ಮುಂದೆ ಹೋಗಬಹುದೆಂಬ ಹೆದರಿಕೆ ಸಹಜ. ಮುಚ್ಚಿಟ್ಟರೆ ಅವರಿಗೆ ತಿಳಿಯುವುದು ಕ್ಯಾಮೆರಾ ಒಳಹೊಕ್ಕ ಮೇಲೆ.

ಮುಚ್ಚಿಡಲೇಬಾರದ ಒಂದು ಎಡವಟ್ಟಿದೆ, ಅದು ಕೊನೆಯ ರಾತ್ರಿ ಅಥವಾ ಅಂದಿನ ಬೆಳಿಗ್ಗೆ ತಿಂದದ್ದು. ಅರಿವಳಿಕೆಯಲ್ಲಿ ಗಂಟಲಿನ ಕಾವಲು ಸಡಿಲವಾಗುತ್ತದೆ, ಜಠರದಲ್ಲಿ ಏನಾದರೂ ಉಳಿದಿದ್ದರೆ ಮೇಲೇರಿ ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಆಹಾರಕ್ಕೆ ಕನಿಷ್ಠ ಆರು ಗಂಟೆ, ನೀರಿನಂಥ ತಿಳಿ ದ್ರವಕ್ಕೆ ಎರಡು ಗಂಟೆ ಅಂತರ ಎಂಬುದು ಸಾಮಾನ್ಯ ನಿಯಮ, ನಿಮ್ಮ ಆಸ್ಪತ್ರೆ ಇದಕ್ಕಿಂತ ಹೆಚ್ಚು ಹೇಳಿದರೆ ಅದೇ ಸರಿ. ಹಾಲು ಬೆರೆತ ಪ್ರೋಟೀನ್ ಪೇಯ ಕುಡಿಯುವಂಥದ್ದೇ ಆದರೂ ತಿಳಿ ದ್ರವವಲ್ಲ. ಅದನ್ನು ಗಟ್ಟಿ ಆಹಾರದ ಸಾಲಿಗೇ ಸೇರಿಸಬೇಕು.

ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ದಿನ ದ್ರವಾಹಾರವೇ. ‘ಮತ್ತೆ ಇದೇ ನರಕವೇ?’ ಎಂದು ಹೆದರಿ ಕುಳಿತವರು ಬಹಳ. ಈಗ ಹಸಿವಿನೊಡನೆ ಸೆಣಸುತ್ತಿರುವುದು ಹಳೆಯ ಜಠರ. ಅದು ಲೀಟರಿನಷ್ಟು ಹಿಡಿಯುತ್ತದೆ, ಗ್ರೆಲಿನ್ ತಯಾರಿಸುವ ಅದರ ಮೇಲ್ಭಾಗ ಪೂರ್ತಿ ಕೆಲಸದಲ್ಲಿದೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆಯುತ್ತಾರೆ, ಆ ಮೇಲ್ಭಾಗವೂ ಅದರೊಂದಿಗೇ ಹೋಗುತ್ತದೆ. ಬೈಪಾಸ್‌ನಲ್ಲಿ ಉಳಿಸುವ ಚೀಲ ಸುಮಾರು 30 ಮಿಲಿಲೀಟರಿನದು. ಹದಿನೈದು ದಿನದ ಕೆಳಗೆ ಲೋಟದ ತಳ ಕಂಡಾಗ ‘ಇಷ್ಟೇ ಏನು?’ ಎಂದು ಗೊಣಗಿದವರೇ ಆಗ ಆಹಾರತಜ್ಞರಿಗೆ ಫೋನ್ ಮಾಡಿ, ಅರ್ಧ ಲೋಟ ಮುಗಿಸಲು ಒಂದು ಗಂಟೆ ಬೇಕಾಗುತ್ತಿದೆ, ಉಳಿದದ್ದನ್ನು ಏನು ಮಾಡುವುದು ಎಂದು ಕೇಳುತ್ತಾರೆ.